ಹೆಸರು ತೆಗೆದ ಕುಡಿಕೆ

ನಮ್ಮೂರಿನಲ್ಲಿ ಮನೆಯೊಳಗೆ ಆಡಿದ ಮಾತು ಗಡಿಗೆಯಲ್ಲಿ ಉಳಿಯುತ್ತದೆ. ಆದ್ದರಿಂದ ಜಗಳದ ಸೂಚನೆ ಕಂಡರೆ ಹೆಂಗಸರು ಮೊದಲು ಅಡುಗೆಮನೆಗೆ ಓಡಿ ಗಡಿಗೆಗಳ ಬಾಯಿ ಮುಚ್ಚಿ ಬಂದು, ಆಮೇಲೆ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾರೆ. ಹೆಣ್ಣು ನೋಡಲು ಬಂದವರು ನೀರು ಕುಡಿಯುವ ನೆಪದಲ್ಲಿ ಗಡಿಗೆಗೆ ಕಿವಿ ಕೊಟ್ಟಾರೆಂದು ಹಿಂದಿನ ದಿನವೇ ಎಲ್ಲವನ್ನೂ ತೊಳೆದು ಬೋರಲು ಹಾಕುತ್ತಾರೆ. ತೊಳೆದರೆ ಮಾತು ಹೋಗುತ್ತದೆ. ನಮ್ಮಮ್ಮ ತೀರಿಕೊಂಡ ಮೇಲೆ ಅವಳ ಉಪ್ಪಿನಕಾಯಿ ಜಾಡಿಯನ್ನು ನಾನು ಮೂರು ವರ್ಷ ತೊಳೆದಿರಲಿಲ್ಲ. "ಖಾರ ಜಾಸ್ತಿ ಆಯ್ತೇನೋ" ಎಂಬ ಅವಳ ಒಂದೇ ಒಂದು ಮಾತು ಅದರಲ್ಲಿತ್ತು.

ಕಂಪನಿ ಬಂದದ್ದು ಒಂಬತ್ತು ವರ್ಷಗಳ ಹಿಂದೆ. ಮನೆಮನೆಗೂ ಒಂದೊಂದು ಅಗಲ ಬಾಯಿಯ ಗಡಿಗೆಯನ್ನು ಪುಕ್ಕಟೆ ಕೊಟ್ಟರು. ನಡುಮನೆಯಲ್ಲಿ ಇಡಬೇಕು, ಹಗಲೆಲ್ಲ ತೆರೆದಿರಬೇಕು. ಹದಿನೈದು ದಿನಕ್ಕೊಮ್ಮೆ ಗಾಡಿ ಬಂದು ತುಂಬಿದ್ದನ್ನು ಒಯ್ದು ಹೊಸದನ್ನು ಇಟ್ಟುಹೋಗುತ್ತದೆ. ಒಳಗೆ ಮೆರುಗು ಬಳಿದ ಗಡಿಗೆ ಅದು, ಎಷ್ಟು ತೊಳೆದರೂ ಮಾತು ಹೋಗುವುದಿಲ್ಲ. ಆದರೆ ಅನುಕೂಲವೂ ಇತ್ತು. ಮಗುವಿಗೆ ಕೆಮ್ಮು ಎಂದು ತಾಯಿ ಗೊಣಗಿದ್ದರೆ, ಗಾಡಿ ಹೋದ ಎರಡೇ ದಿನಕ್ಕೆ ಔಷಧಿ ಅಂಗಡಿಯವನು ತಾನಾಗಿ ಬಾಗಿಲಿಗೆ ಬರುತ್ತಿದ್ದ. ಮಾಡು ಸೋರುತ್ತಿದೆ ಎಂದಿದ್ದರೆ ಹೆಂಚಿನವನು ಏಣಿಯ ಸಮೇತ ಬರುತ್ತಿದ್ದ. ಜನ ಒಗ್ಗಿಹೋದರು. ಗಡಿಗೆಯ ಜೊತೆ ಇಪ್ಪತ್ತೆರಡು ಪುಟದ ಒಪ್ಪಿಗೆ ಪತ್ರ ಕೊಟ್ಟಿದ್ದರು. ಅದನ್ನು ಪೂರ್ತಿ ಓದಿದವರು ಊರಿನಲ್ಲಿ ನಿವೃತ್ತ ಮೇಷ್ಟರೊಬ್ಬರೇ. ಅವರೂ ಕೊನೆಗೆ ಕನ್ನಡಕ ತೆಗೆದಿಟ್ಟು ಸಹಿ ಹಾಕಿದರು.

ನಗರಸಭೆಯವರು ಒಂದು ಕಾನೂನು ಮಾಡಿದ್ದರು. ಯಾರಾದರೂ ತಮ್ಮ ಗಡಿಗೆಯನ್ನು ಒಡೆಸಬೇಕೆಂದು ಅರ್ಜಿ ಕೊಟ್ಟರೆ ಕಂಪನಿ ಮೂವತ್ತು ದಿನದೊಳಗೆ ಒಡೆದು ಪ್ರಮಾಣಪತ್ರ ಕೊಡಬೇಕು. ಅದಕ್ಕೆಂದೇ ಗೌಪ್ಯ ವಿಭಾಗ ಹುಟ್ಟಿತು. ವಿಭಾಗ ಎಂದರೆ ಪಂಕಜಾಕ್ಷಿಯಾದ ನಾನು ಮತ್ತು ಬೋರಲಿಂಗಯ್ಯ, ಇಬ್ಬರೇ. ಅರ್ಜಿ ತೆಗೆದುಕೊಳ್ಳುವುದು ನಾನು, ಸುತ್ತಿಗೆ ಎತ್ತುವುದು ಅವನು. ಗಾಡಿ ಹೊಡೆಯುವವನೂ ಅವನೇ. ಗಡಿಗೆಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಯೇ ಒಡೆಯಬೇಕು. ಹಾಗೇ ಒಡೆದರೆ ಒಳಗಿನ ಮಾತೆಲ್ಲ ಒಮ್ಮೆಗೇ ಗಟ್ಟಿಯಾಗಿ ಹೊರಬಿದ್ದು ಬೀದಿಗೆಲ್ಲ ಕೇಳಿಸುತ್ತದೆ. ಎಂಟು ವರ್ಷ ನಾನು "ಒಡೆಯಲಾಗಿದೆ" ಎಂಬ ಪದದ ಕೆಳಗೆ ಸಹಿ ಹಾಕಿದ್ದೆ. ಸುಳ್ಳು ಹೇಳುತ್ತಿದ್ದೇನೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಗಡಿಗೆ ನನ್ನ ಕಣ್ಣೆದುರೇ ಚೂರಾಗುತ್ತಿತ್ತಲ್ಲ.

ಜಯಶೀಲೆ ಅರ್ಜಿ ಹಿಡಿದು ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಕಂಬಳಿ ಬೀದಿಯಲ್ಲಿ ರವಿಕೆ ಹೊಲಿಯುವವಳು. ಒಂಟಿ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು. ಬೆರಳುಗಳಿಗೆಲ್ಲ ಸೂಜಿ ಚುಚ್ಚಿದ ಗುರುತು. ಅರ್ಜಿಯಲ್ಲಿ ಕಾರಣ ಎಂಬ ಜಾಗದಲ್ಲಿ "ಸ್ವಂತ" ಎಂದಷ್ಟೇ ಬರೆದಿದ್ದಳು.

"ಹೀಗ್ ಬರೆದ್ರೆ ಆಗಲ್ಲಮ್ಮ. ಮೇಲಿನವರು ವಾಪಸ್ ಕಳಿಸ್ತಾರೆ. ಸರಿಯಾದ ಕಾರಣ ಬರೀಬೇಕು" ಎಂದೆ.

"ನನ್ನ ಗಡಿಗೆ ಒಡೀರಿ ಅನ್ನೋಕೆ ನಾನ್ಯಾಕೆ ಕಾರಣ ಕೊಡ್ಬೇಕು ಅಕ್ಕಾ?"

"ನಿಯಮ" ಎಂದೆ.

ಅವಳು ಬರೆದದ್ದನ್ನು ಹೊಡೆದುಹಾಕಿದಳು. ಆಮೇಲೆ ಬರೆದಳು: ಮನೆಗೆ ಒಬ್ಬರು ಬಂದು ಸೇರಿದ್ದಾರೆ. ಬರೆದವಳು ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿ ಉಳಿದದ್ದನ್ನು ಹೇಳಿದಳು. ಬಂದವಳ ಹೆಸರು ಮಂದಾರ. ರವಿಕೆ ಹೊಲಿಸಲು ಬರುತ್ತಿದ್ದ ಗಿರಾಕಿ, ಅಷ್ಟೇ ಪರಿಚಯ. ಗಂಡ ಶಿವನಂಜನಿಗೆ ಸಂತೆಬಾಗಿಲಿನಲ್ಲಿ ದಿನಸಿ ಅಂಗಡಿ. ಹೊಡೆಯುವವನು. ಹೆಂಡತಿ ಎಲ್ಲಿ ರವಿಕೆ ಹೊಲಿಸುತ್ತಾಳೆಂದು ಆರು ವರ್ಷದಲ್ಲಿ ಒಮ್ಮೆಯೂ ಕೇಳದವನು. ಹಾಗಾಗಿ ಅವನು ಎಲ್ಲ ನೆಂಟರ ಮನೆ ಹುಡುಕಿದರೂ ಈ ಮನೆ ಅವನ ತಲೆಗೆ ಬರುವುದಿಲ್ಲ ಎಂದು ಮಂದಾರ ಇಲ್ಲಿಗೆ ಓಡಿ ಬಂದಿದ್ದಳು. "ಅವತ್ತು ಅವಳ ಕೈ ನೋಡ್ದಾಗ ನಂಗೆ ಗಡಿಗೆ ಮುಚ್ಚೋದೇ ಮರೆತುಹೋಯ್ತು. ಎಲ್ಲಾ ಅದ್ರಲ್ಲಿದೆ" ಎಂದಳು ಜಯಶೀಲೆ.

ಆ ವಾರವೇ ಒಡೆಸಿದೆ. ಬೋರಲಿಂಗಯ್ಯ ಗೋಣಿಯ ಮೇಲೆ ನಾಲ್ಕು ಏಟು ಹಾಕುವುದನ್ನು ಅವಳು ಎದುರೇ ನಿಂತು ನೋಡಿದಳು. "ಈಗ ಏನೂ ಉಳಿದಿಲ್ಲ ಅಲ್ವಾ ಅಕ್ಕಾ?" ಎಂದು ಎರಡು ಸಲ ಕೇಳಿದಳು. "ಏನೂ ಇಲ್ಲ, ನೆಮ್ಮದಿಯಾಗಿ ಹೋಗು" ಎಂದು ಪ್ರಮಾಣಪತ್ರ ಕೊಟ್ಟೆ. ಅವಳು ಅದನ್ನು ನಾಲ್ಕಾಗಿ ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಹೋದಳು.

ಹತ್ತು ದಿನ ಕಳೆದು ನಗರಸಭೆಯ ವಾರ್ಷಿಕ ಪರಿಶೀಲನೆ ಬಂತು. ಹಿಂದಿನ ದಿನ ಮಧ್ಯಾಹ್ನ ಹಳೆಯ ಪ್ರಮಾಣಪತ್ರಗಳ ಕಟ್ಟು ಸಿಗದೆ ಅದನ್ನು ಹುಡುಕುತ್ತಾ ನಾನು ಹಿಂದಿನ ಉಗ್ರಾಣಕ್ಕೆ ಹೋದೆ. ಅಲ್ಲಿ ನನಗೇನೂ ಕೆಲಸವಿರುತ್ತಿರಲಿಲ್ಲ. ಒಳಗೆ ಗೋಡೆಯುದ್ದಕ್ಕೂ ಹಲಗೆ, ಹಲಗೆಯ ತುಂಬ ಅಂಗೈಯಗಲದ ಕುಡಿಕೆಗಳು. ಪ್ರತಿಯೊಂದರ ಬಾಯಿಗೂ ಮೇಣದ ಬಟ್ಟೆ. ಒಂದು ಹಲಗೆಗೆ ಚೀಟಿ ಅಂಟಿಸಿತ್ತು: ಜನ ಹೆಚ್ಚಿದ ಮನೆಗಳು, ದಿನಸಿ ಅಂಗಡಿಗಳಿಗೆ. ಕುಡಿಕೆಗಳ ಮೇಲೆ ಹೆಸರಿರಲಿಲ್ಲ, ಬೀದಿ ಮತ್ತು ತಿರುವು ಮಾತ್ರ. ಜಯಶೀಲೆಯ ಮನೆಯಿರುವ ಕಂಬಳಿ ಬೀದಿ ನಾಲ್ಕನೇ ತಿರುವಿನದು ಆರು ಇದ್ದವು.

ಒಂದರ ಬಟ್ಟೆ ಸರಿಸಿ ಕಿವಿಗಿಟ್ಟುಕೊಂಡೆ. ಮೊದಲು ಹೊಲಿಗೆ ಯಂತ್ರದ ಸದ್ದು. ಅದು ನಿಂತಿತು. ಆಮೇಲೆ ಒಣ ಕೆಮ್ಮು. "ಅಕ್ಕಾ, ಬಾಗ್ಲು ಹಾಕ್ಕೊಳಿ. ಯಾರೂ ನೋಡಿಲ್ಲ. ನಾನು ಮಂದಾರ" ಎನ್ನುವ ಹೆಣ್ಣು ದನಿ. ಅವಳು ಅಳಲು ಶುರುಮಾಡಿದಳು. ನಾನು ಕುಡಿಕೆಯನ್ನು ಕಿವಿಯಿಂದ ತೆಗೆದು ಬಟ್ಟೆ ಕಟ್ಟಿದೆ. ಅದನ್ನು ಸೆರಗಿನಡಿ ಹಿಡಿದು ನೇರ ಮ್ಯಾನೇಜರ್ ಕೋಣೆಗೆ ನಡೆದೆ.

ನಮ್ಮ ಮ್ಯಾನೇಜರ್ ಶ್ರೀವತ್ಸ ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುವ ಮನುಷ್ಯ. ಕುಡಿಕೆಯನ್ನು ಅವರ ಮೇಜಿನ ಮೇಲಿಟ್ಟಾಗ ಅವರಿಗೆ ಗಾಬರಿಯಾಗಲಿಲ್ಲ, ಬೇಜಾರಾಯಿತು.

"ಒಡೆಯೋಕೆ ಮುಂಚೆ ಒಂದ್ಸಲ ಗಡಿಗೆ ಬಾಯಿಗೆ ಕುಡಿಕೆ ಬಾಯಿ ಹಿಡಿದು ಮಾತು ಹತ್ತಿಸ್ಕೋತೀವಿ ಪಂಕಜಾಕ್ಷಮ್ಮ. ಮೊದಲಿಂದ್ಲೂ ಹಾಗೇ ನಡೀತಿರೋದು."

"ಒಡೆದಿದೆ ಅಂತ ನಾನು ಬರ್ಕೊಟ್ಟಿದ್ದೀನಿ ಸರ್."

"ಒಡೆದಿಲ್ವಾ ಮತ್ತೆ? ಕಾನೂನಲ್ಲಿ ಏನಿದೆ? ಗಡಿಗೆ ಒಡೀಬೇಕು ಅಂತಿದೆ. ಇದು ಗಡಿಗೆ ಅಲ್ಲ, ಕುಡಿಕೆ. ಹೆಸರೂ ತೆಗೆದಿದ್ದೀವಿ."

"ಒಳಗೆ ಅವಳೇ ತನ್ನ ಹೆಸರು ಹೇಳ್ತಾಳಲ್ಲ ಸರ್!"

"ಹೊರಗಿನ ಚೀಟೀಲಿ ತೆಗೆದಿದೀವಿ ಅಂದೆ" ಎಂದರು ಅವರು.

ಜನ ಹೆಚ್ಚಿದ ಮನೆ ಯಾವುದೆಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಗಡಿಗೆಗಳನ್ನೆಲ್ಲ ಕೂತು ಕೇಳುವಷ್ಟು ಜನ ಕಂಪನಿಯಲ್ಲಿಲ್ಲ, ಕೇಳುವುದು ಅವನ್ನು ಕೊಂಡ ಅಂಗಡಿಯವರು. ಶ್ರೀವತ್ಸ, "ನಿಮ್ಮ ಅರ್ಜಿಗಳಿಂದಾನೇ. ಕಾರಣದ ಜಾಗದಲ್ಲಿ ಅವರೇ ಬರೆದಿರ್ತಾರಲ್ಲ" ಎಂದರು.

ಅದನ್ನು ಬರೆಯಿಸಿದವಳು ನಾನು.

ಅಂಗಡಿಗಳ ಪಟ್ಟಿ ಅವರ ಮೇಜಿನ ಮೇಲೇ ಇತ್ತು. ಆರು ಕುಡಿಕೆಗೆ ಆರು ಅಂಗಡಿಗಳ ಹೆಸರು, ಅದರಲ್ಲಿ ಶಿವನಂಜನದೂ ಒಂದು. ವಿಷಯವೆಲ್ಲ ಹೇಳಿ, ಈ ಆರು ಕುಡಿಕೆಗಳನ್ನಾದರೂ ತೆಗೆದುಬಿಡಿ ಎಂದು ಬೇಡಿಕೊಂಡೆ. ಅವರು ಹಣೆ ಉಜ್ಜಿಕೊಂಡರು.

"ತೆಗೆದ್ರೆ ಯಾಕೆ ತೆಗೆದ್ರಿ ಅಂತ ಪುಸ್ತಕದಲ್ಲಿ ಬರೀಬೇಕು. ಬರೆದ್ರೆ ಕುಡಿಕೆ ಇದೆ ಅಂತ ನಾವೇ ಒಪ್ಕೊಂಡ ಹಾಗೆ. ನಾಳೆ ಪರಿಶೀಲನೆ ಮುಗೀಲಿ. ನಾಡಿದ್ದು ನೀವೊಂದು ಅರ್ಜಿ ಕೊಡಿ, ನೋಡೋಣ. ಅಲ್ಲೀವರೆಗೂ ಗಾಡಿ ಹೋಗಲ್ಲ."

ಆ ಮಾತನ್ನು ನಂಬಿ ಮನೆಗೆ ಹೋದೆ.

ಮಾರನೆಯ ದಿನ ಹತ್ತು ಗಂಟೆಗೆ ನಗರಸಭೆಯ ಅಧಿಕಾರಿ ಬಂದರು. ಮುದ್ದೆಯಾದ ಅಂಗಿ, ಕೈಯಲ್ಲಿ ಅಚ್ಚು ಹಾಕಿಸಿದ ಪ್ರಶ್ನೆಗಳ ಹಾಳೆ. ಅರ್ಜಿ ನಾನೂರ ಹನ್ನೆರಡು, ಪ್ರಮಾಣಪತ್ರ ನಾನೂರ ಹನ್ನೆರಡು. ಅಂಗಳದ ಚೂರುಗಳ ರಾಶಿಯನ್ನು ಚಪ್ಪಲಿಯ ತುದಿಯಿಂದ ಕೆದಕಿ ನೋಡಿದರು. ಸುತ್ತಿಗೆ ನೋಡಿದರು. ಗೋಣಿಚೀಲ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿದರು. ಕೊನೆಗೆ ಹಾಳೆಯನ್ನು ನನ್ನ ಮುಂದೆ ತಳ್ಳಿ, "ಎಲ್ಲಾ ಒಡೆದಿದೆ ಅಂತ ಇಲ್ಲೊಂದು ಸಹಿ ಹಾಕಿ ಮೇಡಂ" ಎಂದರು.

"ಗಡಿಗೆ ಒಡೆದಿದೆ ಸರ್. ಮಾತು ಒಡೆದಿಲ್ಲ."

ಶ್ರೀವತ್ಸರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಅಧಿಕಾರಿ ನನ್ನನ್ನು ನೋಡಿದರು, ಆಮೇಲೆ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು, ತಿರುವಿ ಹಿಂಬದಿಯನ್ನೂ ನೋಡಿದರು.

"ಹಂಗೊಂದು ಪ್ರಶ್ನೆ ಇದರಲ್ಲಿಲ್ಲ ಮೇಡಂ" ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಹುಡುಕಿದ್ದರು.

"ಹಿಂದಿನ ಉಗ್ರಾಣಕ್ಕೆ ಬನ್ನಿ, ತೋರಿಸ್ತೀನಿ."

ಬಂದರು. ಬಾಗಿಲು ತೆರೆದೆ. ಹಲಗೆಗಳೆಲ್ಲ ಖಾಲಿ. ಚೀಟಿ ಕಿತ್ತ ಜಾಗದಲ್ಲಿ ಅಂಟು ಇನ್ನೂ ಹಸಿಯಾಗಿತ್ತು. ಕಿಟಕಿಯಿಂದ ನೋಡಿದರೆ ಹಿಂದಿನ ಗೇಟು ತೆರೆದಿತ್ತು, ಗಾಡಿಯಿರಲಿಲ್ಲ. ಪರಿಶೀಲನೆಯವರ ಕಣ್ಣಿಗೆ ಬೀಳಬಾರದೆಂದು ಅವರು ಬರುವ ಸ್ವಲ್ಪ ಮೊದಲೇ ಎಲ್ಲವನ್ನೂ ಕಳಿಸಿಬಿಟ್ಟಿದ್ದರು. "ಪಂಕಜಾಕ್ಷಮ್ಮನಿಗೆ ಸ್ವಲ್ಪ ಆಯಾಸ ಆಗಿದೆ" ಎಂದು ಶ್ರೀವತ್ಸ ಹೇಳುತ್ತಿದ್ದುದು ಬೆನ್ನ ಹಿಂದೆ ಕೇಳಿಸಿತು. ನಾನು ಗೋಡೆಗೆ ಒರಗಿಸಿದ್ದ ಆಫೀಸಿನ ಸೈಕಲ್ ಎಳೆದುಕೊಂಡೆ. ಸೀರೆ ಉಟ್ಟು ಸೈಕಲ್ ಹತ್ತಿ ಇಪ್ಪತ್ತು ವರ್ಷವಾಗಿತ್ತು. ಹೇಗೆ ಹತ್ತಿದೆನೋ ಗೊತ್ತಿಲ್ಲ.

ಬೋರಲಿಂಗಯ್ಯನ ಗಾಡಿ ಎಣ್ಣೆಗಾಣದ ತಿರುವಿನಲ್ಲಿ ಸಿಕ್ಕಿತು. ಎತ್ತುಗಳಿಗೆ ನೀರು ಕುಡಿಸುತ್ತಿದ್ದ.

"ಸಂತೆಬಾಗಿಲಿಗೆ ಹೋಗ್ಬೇಡ ಬೋರಲಿಂಗಯ್ಯ! ಶಿವನಂಜನ ಅಂಗಡೀದು ಕೆಳಗಿಳಿಸು!"

"ಅಯ್ಯೋ, ಅಲ್ಲಿಂದಾನೇ ಶುರು ಮಾಡ್ದೆ ತಾಯಿ. ಹತ್ತಿರ ಅಂತ. ಕೊಟ್ಟು ಆಗ್ಲೇ ಗಂಟೆ ಆಯ್ತು." ನನ್ನ ಮುಖ ನೋಡಿ ಅವನ ಕೈಯ ಬಕೆಟ್ಟು ವಾಲಿತು. "ಯಾಕಮ್ಮಾ? ಏನಾಯ್ತು?"

ಉತ್ತರ ಹೇಳಲು ನಿಲ್ಲಲಿಲ್ಲ. ಆ ಒಂದು ಗಂಟೆಯಲ್ಲಿ ಶಿವನಂಜ ಕುಡಿಕೆ ತೆರೆದಿದ್ದಾನೆಯೇ, ಗಿರಾಕಿಗಳ ಗಲಾಟೆಯಲ್ಲಿ ಪಕ್ಕಕ್ಕಿಟ್ಟಿದ್ದಾನೆಯೇ ಎನ್ನುವುದೊಂದೇ ತಲೆಯಲ್ಲಿ ಓಡುತ್ತಿತ್ತು. ಕಂಬಳಿ ಬೀದಿಯ ನಾಲ್ಕನೇ ತಿರುವಿಗೆ ಬಂದಾಗ ಹೊಲಿಗೆ ಯಂತ್ರದ ಸದ್ದು ಕೇಳಿಸಿತು, ಅವನಿನ್ನೂ ಬಂದಿರಲಿಲ್ಲ.

ಬಾಗಿಲು ತೆರೆದ ಜಯಶೀಲೆಗೆ ಎರಡೇ ಮಾತಿನಲ್ಲಿ ಹೇಳಿದೆ. ಒಳಗಿನಿಂದ ಮಂದಾರ ಬಂದು ನಿಂತಳು. ಇಪ್ಪತ್ತೈದು ಇಪ್ಪತ್ತಾರರ ಹೆಣ್ಣು. ಎಡಗೈ ಇನ್ನೂ ಪಟ್ಟಿಯಲ್ಲಿತ್ತು. ಮೂಲೆಯಲ್ಲಿ ಕಟ್ಟಿಯೇ ಇಟ್ಟಿದ್ದ ಗಂಟನ್ನು ಬಲಗೈಯಿಂದ ಎತ್ತಿಕೊಂಡಳು. ಅವಳು ಅಲ್ಲಿದ್ದಷ್ಟು ದಿನವೂ ಆ ಗಂಟನ್ನು ಬಿಚ್ಚಿಯೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ನನ್ನ ಮನೆಯ ದಾರಿ ಹೇಳಿ, ಬೀಗದ ಕೈ ಕೊಟ್ಟು, ಹಿತ್ತಲ ಬಾಗಿಲಿನಿಂದ ಕಳಿಸಿದೆವು.

ಜಯಶೀಲೆ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ ನನ್ನ ಕಡೆ ತಿರುಗಿದಳು. "ಏನೂ ಉಳಿದಿಲ್ಲ ಅಂತ ಸಹಿ ಹಾಕ್ಕೊಟ್ಟಿದ್ದು ಯಾರಕ್ಕಾ?"

"ನಾನೇ."

"ಕಾರಣ ಬರಿ ಅಂದಿದ್ದು?"

"ಅದೂ ನಾನೇ."

ಅವಳು ಯಂತ್ರದ ಮುಂದೆ ಕೂತು, ಅರ್ಧಕ್ಕೆ ನಿಂತಿದ್ದ ತೋಳನ್ನು ಸೂಜಿಯ ಕೆಳಗೆ ತಳ್ಳಿದಳು. "ಹೋಗ್ಬೇಡಿ. ಅವನು ಬಂದ್ರೆ ಒಬ್ಳೇ ಇರೋಕೆ ಭಯ ಆಗತ್ತೆ" ಎಂದಳು.

ಅವನು ಬಂದ. ಬಾಗಿಲು ಬಡಿಯಲಿಲ್ಲ, ತಳ್ಳಿಕೊಂಡೇ ಬಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ನೀಟಾಗಿ ಬಾಚಿದ ತಲೆ. ಒಂದು ಕೈಯಲ್ಲಿ ಕುಡಿಕೆ. ನಡುಮನೆಯ ಮಧ್ಯೆ ನಿಂತು ಯಂತ್ರದ ಸದ್ದನ್ನು ಸ್ವಲ್ಪ ಹೊತ್ತು ಕೇಳಿ, ಕುಡಿಕೆಯನ್ನು ಕಿವಿಗೆ ಹಿಡಿದು, ಮತ್ತೆ ಕೆಳಗಿಳಿಸಿದ.

"ಇದೇ ಮಿಷನ್ನು" ಎಂದ. "ಎಲ್ಲಿ ಅವಳು?"

"ಯಾರು?" ಎಂದಳು ಜಯಶೀಲೆ. ಕಾಲು ತುಳಿಯುತ್ತಲೇ ಇತ್ತು.

"ಅವಳ ಕೆಮ್ಮು ಆರು ವರ್ಷ ಕೇಳಿದೀನಿ. ನಂಗೆ ಹೇಳ್ಕೊಡ್ಬೇಡ."

ಅವನು ಒಳಕೋಣೆಗೆ ಹೋದ. ಪೆಟ್ಟಿಗೆ ಎಳೆದ ಸದ್ದು, ಪಾತ್ರೆ ಬಿದ್ದ ಸದ್ದು. ಹಿತ್ತಲ ಬಾಗಿಲಿನ ಅಗುಳಿ ತೆಗೆದ ಸದ್ದು ಕೇಳಿದಾಗ ಜಯಶೀಲೆಯ ಕಾಲು ನಿಂತಿತು. ಮಂದಾರ ಎಷ್ಟು ದೂರ ಹೋಗಿರಬಹುದು ಎಂದು ನಾನು ಮನಸ್ಸಿನಲ್ಲೇ ಹೆಜ್ಜೆ ಎಣಿಸುತ್ತಿದ್ದೆ. ಇನ್ನೂ ಹಿತ್ತಲ ಓಣಿ ದಾಟಿರಲಾರಳು. ಅವನನ್ನು ಹೇಗಾದರೂ ಮುಂಬಾಗಿಲಿಗೆ ಎಳೆಯಬೇಕಿತ್ತು. ಕೊರಳಲ್ಲಿದ್ದ ಕಂಪನಿಯ ಬಿಲ್ಲೆಯನ್ನು ಸೆರಗಿನಿಂದ ಹೊರಗೆಳೆದು, ನನ್ನ ದನಿಯನ್ನು ನಾನೇ ಗುರುತಿಸದಷ್ಟು ಗಟ್ಟಿಯಾಗಿ ಕೂಗಿದೆ.

"ಏನ್ರೀ! ನಾನು ಕಂಪನಿಯವಳು. ಆ ಕುಡಿಕೆ ತಪ್ಪಿ ನಿಮಗೆ ಬಂದಿದೆ. ವಾಪಸ್ ಕೊಡಿ. ಇಲ್ದಿದ್ರೆ ನಿಮ್ಮ ಅಂಗಡಿ ಹೆಸರೇ ಪಟ್ಟಿಯಿಂದ ಹೋಗತ್ತೆ!"

ಅಂಗಡಿಯ ಮಾತು ಬಂದದ್ದೇ ಅವನು ತಿರುಗಿ ಬಂದ. "ಇದು ನಂದು. ಕಂಪನಿಯೋರೇ ಕೊಟ್ಟಿದ್ದು" ಎನ್ನುತ್ತಾ ನನ್ನನ್ನು ಸರಿಸಿ ಹೊರಬಾಗಿಲಿಗೆ ನಡೆದ. ನಾನು ಕುಡಿಕೆಗೆ ಕೈ ಹಾಕಿದೆ. ಅವನು ಎಳೆದ, ನಾನು ಬಿಡಲಿಲ್ಲ. ಅವನ ಮೊಣಕೈ ನನ್ನ ಎದೆಗೆ ಬಡಿಯಿತು. ಇಬ್ಬರ ಕೈಯಿಂದಲೂ ಜಾರಿ ಕುಡಿಕೆ ಬಾಗಿಲ ಕಲ್ಲಿನ ಮೇಲೆ ಬಿತ್ತು.

ಒದ್ದೆ ಗೋಣಿಯಿಲ್ಲದೆ ಒಡೆದ ಕುಡಿಕೆ ಅದು. ಮಂದಾರಳ ದನಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ತುಂಬಿಕೊಂಡಿತು.

"ಅಕ್ಕಾ, ಮೊಣಕೈ ಹಿಂದಕ್ಕೆ ತಿರುಚ್ದ. ಮೂಳೆ ಲಟಕ್ ಅಂದಿದ್ದು ನಂಗೇ ಕೇಳಿಸ್ತು. ಕೂಗ್ಬೇಡ, ಗಿರಾಕಿಗಳಿದಾರೆ ಅಂದ. ಬಾಯಿಗೆ ಬಟ್ಟೆ ತುರುಕಿ, ಹೋಗಿ ಅಕ್ಕಿ ತೂಗಿ ಕೊಟ್ಟು ಬಂದ. ನಾನು ಅಲ್ಲೇ ಮೂಟೆ ಹಿಂದೆ ಬಿದ್ದಿದ್ದೆ ಅಕ್ಕಾ. ಅವರು ಚೌಕಾಸಿ ಮಾಡ್ತಿದ್ದಿದ್ದೆಲ್ಲಾ ಕೇಳಿಸ್ತಿತ್ತು."

ಮನೆಗಳ ಬಾಗಿಲು ಒಂದೊಂದಾಗಿ ತೆರೆದವು. ಎದುರು ಮನೆಯ ಮುದುಕಿ ಮೊರ ಹಿಡಿದೇ ಹೊರಬಂದಳು. ಕ್ಷೌರದಂಗಡಿಯಿಂದ ಅರ್ಧ ಗಡ್ಡದ ಗಂಡಸು ಬಂದು ನಿಂತ. ಅವರಲ್ಲಿ ಎಷ್ಟೋ ಜನ ಅವನ ಅಂಗಡಿಯ ಅಕ್ಕಿ ತಿಂದವರೇ. ಎಲ್ಲರೂ ಅವನ ಕೈಗಳನ್ನೇ ನೋಡುತ್ತಿದ್ದರು. ಶಿವನಂಜ ಕೈಗಳನ್ನು ಒಮ್ಮೆ ಅಂಗಿಗೆ ಒರೆಸಿಕೊಂಡು, ಮಧ್ಯೆ ದಾರಿ ಮಾಡಿಕೊಂಡು ನಡೆದುಹೋದ. ಹೋಗುವಾಗ ನನ್ನ ಬಿಲ್ಲೆಯ ಮೇಲಿನ ಹೆಸರನ್ನು ಓದಿಕೊಂಡು ಹೋದ.

ಸಂಜೆ ಮನೆಗೆ ಹೋಗಿ ನಡೆದದ್ದನ್ನು ಹೇಳಿದಾಗ ಮಂದಾರ ಗೋಡೆಯ ಕಡೆ ಮುಖ ತಿರುಗಿಸಿದಳು. "ಮೂಟೆ ವಿಷ್ಯಾನೂ ಕೇಳಿಸ್ತಾ ಎಲ್ರಿಗೂ?" ಎಂದಳು. ಕೇಳಿಸಿತು ಎಂದೆ. "ಅದೊಂದನ್ನ ಯಾರಿಗೂ ಹೇಳ್ಬಾರ್ದು ಅಂದ್ಕೊಂಡಿದ್ದೆ" ಎಂದಳು.

ನಾನು ನಗರಸಭೆಗೆ ದೂರು ಕೊಟ್ಟೆ. ಎರಡು ವಾರಕ್ಕೆ ವಿಚಾರಣೆ ಇಟ್ಟರು. ಆ ಎರಡು ವಾರ ಮಂದಾರ ನನ್ನ ಮನೆಯ ಅಟ್ಟದ ಮೇಲಿದ್ದಳು. ಶಿವನಂಜನ ಅಂಗಡಿಯ ಆಳೊಬ್ಬ ಹಗಲೆಲ್ಲ ನಮ್ಮ ಮನೆಯೆದುರಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ನಾನು ತರಕಾರಿಯನ್ನು ಒಬ್ಬರಿಗೆ ಆಗುವಷ್ಟೇ ತಂದು, ಇಬ್ಬರೂ ಅರ್ಧರ್ಧ ತಿಂದೆವು. ಅವಳು ಕೆಮ್ಮು ಬಂದಾಗ ದಿಂಬಿಗೆ ಮುಖ ಒತ್ತಿಕೊಳ್ಳುತ್ತಿದ್ದಳು. ನಾನು ಕೆಳಗೆ ನಿಂತು ಸುಮ್ಮಸುಮ್ಮನೆ ಕೆಮ್ಮುತ್ತಿದ್ದೆ.

ವಿಚಾರಣೆಯಲ್ಲಿ ಶ್ರೀವತ್ಸ ಎದ್ದು ನಿಂತು ಮೆಲ್ಲಗೆ, ನೋವಿನಿಂದಲೇ ಮಾತಾಡಿದರು. ಕಂಪನಿ ಕಾನೂನಿನ ಪ್ರತಿ ಅಕ್ಷರ ಪಾಲಿಸಿದೆ. ಪ್ರಮಾಣಪತ್ರಗಳಿಗೆ ಸಹಿ ಹಾಕಿದವರು ಪಂಕಜಾಕ್ಷಮ್ಮ. ಅನುಮತಿಯಿಲ್ಲದೆ ಗ್ರಾಹಕರ ಮಾತಿಗೆ ಕಿವಿಯಿಟ್ಟವರೂ ಅವರೇ, ಅದನ್ನು ಬೀದಿಗೆಲ್ಲ ಕೇಳಿಸಿದವರೂ ಅವರೇ. ಗೌಪ್ಯ ನಿಯಮ ಮುರಿದಿದ್ದರೆ ಅವರೊಬ್ಬರೇ ಮುರಿದಿದ್ದಾರೆ.

ಅಧ್ಯಕ್ಷರು ನನ್ನನ್ನು ಕೇಳಿದರು. "ತೊಂದರೆ ಆಗಿರೋದು ನಿಮಗಲ್ಲ. ಆ ಹೆಂಗಸು ಬಂದು ಹೇಳಿದ್ರೆ ದೂರು ನಿಲ್ಲತ್ತೆ. ಅವರು ಈಗ ಎಲ್ಲಿದ್ದಾರೆ? ವಿಳಾಸ ಬರೆಸಿ. ನಿಯಮದ ಪ್ರಕಾರ ಎರಡೂ ಕಡೆಯವರಿಗೆ ಪ್ರತಿ ಕೊಡ್ತೀವಿ."

ಸಭಾಂಗಣದ ಹಿಂದಿನ ಬೆಂಚಿನಲ್ಲಿ ಬಿಳಿ ಅಂಗಿ ಕಾಣುತ್ತಿತ್ತು. ಅವನು ಮುಂದಕ್ಕೆ ಬಾಗಿ ಕೂತಿದ್ದ. ಗುಮಾಸ್ತ ಪೆನ್ನನ್ನು ಮಸಿಯಲ್ಲಿ ಅದ್ದಿ ಹಿಡಿದಿದ್ದ. ಹೇಳಿದರೆ ಕಂಪನಿ ಸಿಕ್ಕಿಬೀಳುತ್ತಿತ್ತು. ನಾನೂರ ಹನ್ನೆರಡು ಮನೆಗಳ ಕುಡಿಕೆಗಳು ಹೊರಬರುತ್ತಿದ್ದವು. ಇದೆಲ್ಲ ನನಗೆ ಗೊತ್ತಿತ್ತು.

"ಗೊತ್ತಿಲ್ಲ" ಎಂದೆ.

"ದೂರು ವಜಾ ಆಗತ್ತೆ, ಯೋಚನೆ ಮಾಡಿ. ನಿಮ್ಮ ಮೇಲಿನ ಆಪಾದನೆ ಮಾತ್ರ ಉಳಿಯತ್ತೆ."

"ಆಗ್ಲಿ ಸರ್. ಗೊತ್ತಿಲ್ಲ."

ಗುಮಾಸ್ತ ಬರೆದುಕೊಂಡ. ನನ್ನ ಕೆಲಸ ಹೋಯಿತು. ತೀರ್ಪಿನ ಹಾಳೆಯನ್ನು ಕಂಪನಿಯ ಗೋಡೆಗೆ ಅಂಟಿಸಿದ್ದಾರಂತೆ, ಗೌಪ್ಯ ಕಾಪಾಡದ ನೌಕರರಿಗೆ ಪಾಠವಾಗಲೆಂದು. ಜಯಶೀಲೆ ಮಾತ್ರ ಸುಮ್ಮನಿರಲಿಲ್ಲ. ರವಿಕೆ ಹೊಲಿಸಲು ಬಂದವರಿಗೆಲ್ಲ ಅಳತೆ ತೆಗೆಯುತ್ತಾ ಕುಡಿಕೆಯ ವಿಷಯ ಹೇಳಿದಳು. ಕಂಬಳಿ ಬೀದಿಯ ಹೆಂಗಸರು ಆ ತಿಂಗಳು ಗಡಿಗೆಗಳನ್ನು ಗಾಡಿಗೆ ಕೊಡಲಿಲ್ಲ. ಬೇರೆ ಬೀದಿಗಳವರು ಕೊಟ್ಟರು. ಔಷಧಿಯವನು ಬಾಗಿಲಿಗೆ ಬರುವುದು ನಿಂತೀತೆಂದು ಅವರಿಗೆ ಭಯ.

ವಿಚಾರಣೆ ಮುಗಿದ ನಾಲ್ಕನೆಯ ದಿನ, ಕಟ್ಟೆಯ ಮೇಲಿನ ಆಳು ಊಟಕ್ಕೆ ಎದ್ದುಹೋದ ಹೊತ್ತಿನಲ್ಲಿ ಮಂದಾರ ಅಟ್ಟದಿಂದಿಳಿದಳು. ಜಯಶೀಲೆ ಹೊಲಿದುಕೊಟ್ಟ ಹೊಸ ರವಿಕೆ ತೊಟ್ಟಿದ್ದಳು. ಪಟ್ಟಿ ಬಿಚ್ಚಿದ ಕೈ ತೂರಲಿ ಎಂದು ಎಡತೋಳನ್ನು ಜಯಶೀಲೆಯೇ ಸಡಿಲ ಬಿಟ್ಟು ಹೊಲಿದಿದ್ದಳು. ಊರ ಹೊರಗಿನ ಗೇಟಿನ ಬಳಿ ಬಸ್ಸು ಕಾದು ಹತ್ತಿಸಿದೆ. ಗಂಟನ್ನು ಸೀಟಿನ ಕೆಳಗೆ ಸರಿಸುತ್ತಿದ್ದೆ. ಕಂಡಕ್ಟರ್ ಚೀಟಿಯ ಕಟ್ಟು ತೆಗೆದು ಅವಳನ್ನು ಕೇಳಿದ, "ಎಲ್ಲಿಗಮ್ಮಾ?"

ಅವಳು ಬಾಯಿ ತೆರೆಯುವ ಮೊದಲೇ ನಾನು ಬಸ್ಸಿನಿಂದ ಇಳಿದುಬಿಟ್ಟೆ.